ಚೀಲದ ಬಟ್ಟೆ ನೋಡಿ ಕೊಂಡ ಧೂಳಿನ ಮೆಷಿನ್

ನನ್ನದು ತುಮಕೂರಿನ ಹತ್ತಿರ ಚಿಕ್ಕ ಮರಗೆಲಸದ ಶೆಡ್. ಒಂದು ಟೇಬಲ್ ಸಾ, ಒಂದು ಪ್ಲೇನರ್, ಎರಡು ಕೈ ಸ್ಯಾಂಡರ್ ಇವೆ. ಮೊದಲು 2 ಎಚ್‌ಪಿಯ ಡಸ್ಟ್ ಕಲೆಕ್ಟರ್ ತಂದಿದ್ದೆ. ಹೊಟ್ಟು, ಸಿಪ್ಪೆ ಎಲ್ಲ ಚೆನ್ನಾಗಿಯೇ ಎಳೆಯುತ್ತಿತ್ತು. ಆದರೆ ಸಂಜೆ ನೀರಿನ ಬಿಂದಿಗೆಯ ಮುಚ್ಚಳದ ಮೇಲೆ ಬೆರಳಾಡಿಸಿದರೆ ಹಿಟ್ಟಿನಂಥ ಧೂಳು. ಬೀಟೆ ಕೊಯ್ದ ದಿನವಂತೂ ರಾತ್ರಿಯೆಲ್ಲ ಸೀನು.

ಒಂದು ಬೆಳಗ್ಗೆ ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಮೆಷಿನ್ ಹಾಕಿದೆ. ಚೀಲದ ಬಟ್ಟೆಯಿಂದಲೇ ಹೊಗೆಯ ಹಾಗೆ ಧೂಳು ಹೊರಗೆ ಬರುತ್ತಿತ್ತು! ಅದು 30 ಮೈಕ್ರಾನ್ ಬಟ್ಟೆ, ಅಂದರೆ ಅದಕ್ಕಿಂತ ಸಣ್ಣ ಕಣಗಳು ನುಸುಳಿಬಿಡುತ್ತವೆ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು 10 ಮೈಕ್ರಾನ್‌ಗಿಂತ ಸಣ್ಣವು. ಅಂದರೆ ದಪ್ಪ ಹೊಟ್ಟನ್ನು ಹಿಡಿದಿಟ್ಟು, ಕೆಟ್ಟದ್ದನ್ನೇ ಜರಡಿ ಹಿಡಿದು ಶೆಡ್ ತುಂಬ ಚೆಲ್ಲುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ನನ್ನ ಹತ್ತಿರ ಇಬ್ಬರು ಹುಡುಗರು ಕೆಲಸಕ್ಕಿದ್ದಾರೆ. ಸುಮ್ನೆ ಇರಲು ಮನಸ್ಸು ಒಪ್ಪಲಿಲ್ಲ.

ಎರಡನೇ ಸಲ ಅಂಗಡಿಯಲ್ಲಿ ಎಚ್‌ಪಿ ಕೇಳಲಿಲ್ಲ, ಗಾಳಿ ಎಷ್ಟು ಎಂದು ಕೇಳಿದೆ. ಹೊಟ್ಟು ಪೈಪಿನಲ್ಲಿ ಕೂರದೆ ಓಡಬೇಕಾದರೆ ಗಾಳಿಗೆ ಸೆಕೆಂಡಿಗೆ ಸುಮಾರು 20 ಮೀಟರ್ ವೇಗ ಬೇಕು. ಆ ವೇಗದಲ್ಲಿ 4 ಇಂಚಿನ ಪೈಪು ಸಾಗಿಸುವುದು 350 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 350 ಘನ ಅಡಿ ಗಾಳಿ ಅಷ್ಟೇ. 6 ಇಂಚಾದರೆ 770ರ ಹತ್ತಿರ. ನನ್ನ ಪ್ಲೇನರಿಗೆ 4 ಇಂಚು ಸಾಲುತ್ತಿರಲಿಲ್ಲ. ಕ್ಯಾಟಲಾಗಿನಲ್ಲಿರುವ ಸಿಎಫ್‌ಎಂ ಸಾಮಾನ್ಯವಾಗಿ ಪೈಪು, ಫಿಲ್ಟರ್ ಯಾವುದೂ ಇಲ್ಲದೆ ಅಳೆದದ್ದು. ಅದಕ್ಕೇ ಫ್ಯಾನ್ ಕರ್ವ್, ಅಂದರೆ ಪೈಪು, ಫಿಲ್ಟರಿನ ತಡೆ ಹೆಚ್ಚಿದಂತೆ ಗಾಳಿ ಎಷ್ಟಕ್ಕೆ ಇಳಿಯುತ್ತದೆ ಎಂದು ತೋರಿಸುವ ನಕ್ಷೆ ಕೇಳಿದೆ. ಕೊಡದವರ ಹತ್ತಿರ ಕೊಳ್ಳಲಿಲ್ಲ.

ಕೊನೆಗೆ 3 ಎಚ್‌ಪಿಯ ತ್ರೀ ಫೇಸ್ ಬ್ಲೋವರ್, ಅದರ ಮುಂದೆ ಸೈಕ್ಲೋನ್ (ಗಾಳಿಯನ್ನು ಸುಳಿಯಾಗಿ ತಿರುಗಿಸಿ ಹೊಟ್ಟನ್ನು ಬೇರ್ಪಡಿಸುವ ಆಲಿಕೆಯಂಥ ಡಬ್ಬ), ಹಿಂದೆ 1 ಮೈಕ್ರಾನಿನ ನೆರಿಗೆ ಫಿಲ್ಟರ್ ತೆಗೆದುಕೊಂಡೆ. ದಪ್ಪ ಹೊಟ್ಟೆಲ್ಲ ಸೈಕ್ಲೋನಿನಲ್ಲೇ ಡ್ರಮ್ಮಿಗೆ ಬೀಳುವುದರಿಂದ ಫಿಲ್ಟರ್ ಬೇಗ ಕಟ್ಟುವುದಿಲ್ಲ. ಫಿಲ್ಟರಿನ ರಂಧ್ರ ಸಣ್ಣದಾದಷ್ಟೂ ಗಾಳಿ ದಾಟುವುದು ಕಷ್ಟ, ಹಾಗಾಗಿ ವಿಸ್ತೀರ್ಣ ಜಾಸ್ತಿ ಬೇಕು. ನೆರಿಗೆ ಇರುವುದು ಅದಕ್ಕೇ. ಕೈ ಸ್ಯಾಂಡರುಗಳ ಸಣ್ಣ ಹೋಸಿಗೆ ಬ್ಲೋವರಿನ ಎಳೆತ ಸಾಲದು. ಅವಕ್ಕೆ ಬೇರೆ ವ್ಯಾಕ್ಯೂಮ್ ಇಟ್ಟೆ.

ಜೋಡಿಸಿದ ದಿನ ಎಳೆತ ಮಂಕಾಗಿತ್ತು. ಪೈಪು ಬಿಚ್ಚಿದೆವು, ಸಂದುಗಳಿಗೆ ಟೇಪ್ ಸುತ್ತಿದೆವು. ಏನೂ ಆಗಲಿಲ್ಲ. ನೋಡಿದರೆ ಫೇಸ್ ಅದಲುಬದಲಾಗಿ ಮೋಟಾರ್ ಉಲ್ಟಾ ತಿರುಗುತ್ತಿತ್ತು. ಈ ಥರದ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿ ಅದೇ ದಿಕ್ಕಿಗೆ ಹೋಗುತ್ತದೆ, ಬಲ ಮಾತ್ರ ಇರುವುದಿಲ್ಲ. ಅದಕ್ಕೇ ಬೇಗ ಗೊತ್ತಾಗಲಿಲ್ಲ. ಎರಡು ವೈರ್ ಬದಲಿಸಿದ ಮೇಲೆ ಸರಿಹೋಯಿತು. ನೀವು ಮೊದಲು ಮೋಟಾರಿನ ಮೇಲಿನ ಬಾಣದ ಗುರುತು ನೋಡಿ.

ಬೆಂಚ್ ಗ್ರೈಂಡರನ್ನೂ ಇದೇ ಪೈಪಿಗೆ ಸೇರಿಸೋಣ ಎಂದು ಹುಡುಗರು ಕೇಳಿದರು. ಬೇಡವೇ ಬೇಡ ಎಂದೆ. ಕಬ್ಬಿಣದ ಒಂದು ಕಿಡಿ ಹೊಟ್ಟಿನ ಡ್ರಮ್ಮಿಗೆ ಬಿದ್ದರೆ ಶೆಡ್ಡೇ ಹೋಗುತ್ತದೆ. ಧೂಳು ಉಜ್ಜಿ ಹುಟ್ಟುವ ಸ್ಥಿರ ವಿದ್ಯುತ್ತಿನಿಂದ ಕಿಡಿ ಹಾರದಿರಲಿ ಎಂದು ತಗಡಿನ ಪೈಪಿಗೆ ಅರ್ಥಿಂಗೂ ಮಾಡಿಸಿದ್ದೇನೆ.

ಫಿಲ್ಟರಿನ ಪಕ್ಕ ಒಂದು ಪಾರದರ್ಶಕ ಟ್ಯೂಬನ್ನು ಯು ಆಕಾರದಲ್ಲಿ ಬಗ್ಗಿಸಿ, ಬಣ್ಣದ ನೀರು ತುಂಬಿಸಿ ಕಟ್ಟಿದ್ದೇನೆ. ಒಂದು ತುದಿ ಫಿಲ್ಟರಿನ ಒಳಗೆ, ಇನ್ನೊಂದು ಹೊರಗೆ. ಫಿಲ್ಟರ್ ಹೊಸದಿದ್ದಾಗ ಮೆಷಿನ್ ಓಡಿಸಿ ಎರಡೂ ಕಡೆಯ ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಹಾಕಿದ್ದೆ. ಫಿಲ್ಟರ್ ಕಟ್ಟಿದಷ್ಟೂ ಒಳಗಿನ ಒತ್ತಡ ಏರಿ ಎರಡು ಮಟ್ಟಗಳ ಅಂತರ ಹೆಚ್ಚುತ್ತದೆ. ಆ ಅಂತರ ದುಪ್ಪಟ್ಟಾದ ದಿನ ಮಾಸ್ಕ್ ಹಾಕಿಕೊಂಡು ಫಿಲ್ಟರನ್ನು ಶೆಡ್ಡಿನ ಹೊರಗೆ ಒಯ್ದು ಒದರುತ್ತೇವೆ.