ಆರು ಅಡಿಕೆ ಇಟ್ಟು ಹೇಳಿದ ಸುಪ್ರೀಂ ಕೋರ್ಟ್ ಕಥೆ

ನಾನು ಸಾಗರದಲ್ಲಿ ವಕೀಲ. ಕೊಯ್ಲಿನ ಕಾಲಕ್ಕೆ ರಾತ್ರಿ ಊರಿಗೆ ಬಂದು ಅಡಿಕೆ ಸುಲಿಯಲು ಕೂರುತ್ತೇನೆ. ಮೆಟ್ಟುಗತ್ತಿ ಮುಂದೆ ಹತ್ತು ಜನ ಕೂತಲ್ಲಿ ರಾಜಕೀಯ ಬಂದೇ ಬರುತ್ತದೆ. ನ್ಯಾಯಮೂರ್ತಿಗಳನ್ನು ಯಾರು ನೇಮಿಸಬೇಕು ಎಂಬ ಮಾತೆದ್ದ ರಾತ್ರಿ ನಾನು ನೇರ ಮೋದಿ ಸರ್ಕಾರ 2014ರಲ್ಲಿ ಕಾನೂನು ಮಾಡಿ ತಂದ ನ್ಯಾಯಾಂಗ ನೇಮಕಾತಿ ಆಯೋಗದಿಂದ ಶುರುಮಾಡಿದೆ. ಅದೇ ತಪ್ಪಾಯಿತು. ಮೋದಿ ಹೆಸರು ಬಂದದ್ದೇ ಚಿಕ್ಕಪ್ಪ ಒಂದು ಕಡೆ, ಭಾವ ಇನ್ನೊಂದು ಕಡೆ. ಆಮೇಲೆ ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಮರುದಿನ 1973ರಿಂದ ಹೊರಟೆ. ಏಪ್ರಿಲ್ 24ಕ್ಕೆ ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಕೆಡಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ತೀರ್ಪು, ಏಳು ನ್ಯಾಯಮೂರ್ತಿಗಳು ಒಂದು ಕಡೆ, ಆರು ಜನ ಇನ್ನೊಂದು ಕಡೆ. ಅದರ ಬೆನ್ನಿಗೇ ಇಂದಿರಾ ಸರ್ಕಾರ ಆ ಏಳರ ಕಡೆಯಿದ್ದ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ದಾಟಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಆ ಮೂವರಲ್ಲಿ ನಮ್ಮ ಘಟ್ಟದ ಕೆಳಗಿನ ಕೆ.ಎಸ್. ಹೆಗ್ಡೆ ಒಬ್ಬರು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆ ಮುಂದೆ ಜನತಾ ಪಕ್ಷದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದದ್ದನ್ನೂ ಮುಚ್ಚಿಡಲಿಲ್ಲ. ಕಾಂಗ್ರೆಸ್ಸಿನ ಭಾವ ತುಸು ಹೊತ್ತು ಸುಮ್ಮನಿದ್ದು, “ದಾಟಿಸಿದ್ದು ಸರಿಯಲ್ಲ” ಎಂದರು. ಆಗ ನನಗೆ ಧೈರ್ಯ ಬಂತು.

2014ರ ಆಯೋಗದ ಆರು ಸದಸ್ಯರೆಂದು ಸುಲಿದ ಆರು ಅಡಿಕೆ ತೆಗೆದು ಗೋಣಿಯ ಮೇಲಿಟ್ಟೆ. ಮೂರು ನ್ಯಾಯಮೂರ್ತಿಗಳು, ಒಂದು ಕಾನೂನು ಸಚಿವರು, ಎರಡು ಗಣ್ಯರು. ಯಾರೇ ಇಬ್ಬರು ಬೇಡವೆಂದರೆ ಆ ಹೆಸರು ಬಿತ್ತು. ಚಿಕ್ಕಪ್ಪ ಸಚಿವರದ್ದೊಂದು, ಗಣ್ಯರದ್ದೊಂದು ಅಡಿಕೆ ಬದಿಗೆ ಸರಿಸಿದರು. “ಮೂರೂ ಜಡ್ಜ್ ಹೌದೆಂದರೂ ಇವೆರಡೇ ಸಾಕಾ?”

ಸಾಕು. 2015ರ ಅಕ್ಟೋಬರ್‌ನಲ್ಲಿ ಐವರ ಪೀಠದಲ್ಲಿ ನಾಲ್ವರು ಆಯೋಗವನ್ನು ರದ್ದು ಮಾಡಿದಾಗ ಈ ಲೆಕ್ಕವೂ ಅವರ ಮುಂದಿತ್ತು. ಸಂಸತ್ತಿನಲ್ಲಿ ಕಾಂಗ್ರೆಸ್ ಕೂಡ ಆ ಆಯೋಗದ ಪರ ಮತ ಹಾಕಿತ್ತು ಎಂದಾಗ ಭಾವ ಕತ್ತಿ ಬಿಟ್ಟು ನನ್ನ ಮುಖ ನೋಡಿದರು.

“ಹಾಗಂತ ಜಡ್ಜ್‌ಗಳೇ ಜಡ್ಜ್‌ಗಳನ್ನು ಆರಿಸ್ಕೊಳ್ಳೋದು ಸರಿಯಾ?” ಚಿಕ್ಕಪ್ಪ ಬಿಡಲಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದು. ಹಿರಿಯ ನ್ಯಾಯಮೂರ್ತಿಗಳೇ ಕೂತು ಹೆಸರು ಆರಿಸುವ ಕೊಲಿಜಿಯಂ ಎಂಬ ಪದ ಸಂವಿಧಾನದಲ್ಲಿಲ್ಲ. ಅದು 1993ರ ತೀರ್ಪಿನಿಂದ ಬಂದದ್ದು. 2015ರಲ್ಲಿ ಭಿನ್ನ ತೀರ್ಪು ಬರೆದ ಐದನೇ ನ್ಯಾಯಮೂರ್ತಿ ಚೆಲಮೇಶ್ವರ್ ಕೂಡ ಅಲ್ಲಿ ಪಾರದರ್ಶಕತೆ ಇಲ್ಲ ಎಂದಿದ್ದರು. ಆಯೋಗ ಬೇಕು, ಆದರೆ ತಡೆಯುವ ಕೀಲಿ ಸರ್ಕಾರದ ಕೈಗೆ ಹೋಗಬಾರದು ಎಂಬುದು ನನ್ನ ನಿಲುವು. ಅದನ್ನೇ ಹೇಳಿದೆ.

“ಇಬ್ಬರ ಬದಲು ಮೂವರು ಬೇಡ ಅನ್ನಬೇಕು ಅಂತ ಮಾಡಿದ್ರೆ?” ಎಂದರು ಚಿಕ್ಕಪ್ಪ.

“ಸಚಿವರು, ಇಬ್ಬರು ಗಣ್ಯರು ಒಂದಾದ್ರೆ ಮೂವರಾಗಲಿಲ್ವಾ?” ಎನ್ನುತ್ತ ಭಾವ ಬುಟ್ಟಿಗೆ ಕೈಹಾಕಿ, ಏಳನೇ ಅಡಿಕೆ ತೆಗೆದು ನ್ಯಾಯಮೂರ್ತಿಗಳ ಸಾಲಿಗೆ ಸೇರಿಸಿದರು.