ದಿನಕ್ಕೆ ಐದು ಮೆಸೇಜು, ಹದಿನಾಲ್ಕು ದಿನ: ಆ್ಯಪ್ ಬಿಟ್ಟು ಎಸ್ಸೆಮ್ಮೆಸ್ಸಿಗೆ ಬಂದ ಅನುಭವ

ನಮ್ಮ ಅಧ್ಯಯನಕ್ಕೆ ಜನರ ನಿದ್ದೆ, ಸುಸ್ತು, ತಲೆಬಿಸಿ ಇವನ್ನೆಲ್ಲ ದಿನದ ನಡುವೆಯೇ ಅಳೆಯಬೇಕು, ಅದೂ ಆ್ಯಪ್ ಇಲ್ಲದೆ ಬರೀ ಎಸ್ಸೆಮ್ಮೆಸ್ಸಿನಲ್ಲಿ ಎಂದಾಗ ಸಿಕ್ಕ ಪ್ರತಿಕ್ರಿಯೆ ಎರಡೇ ಬಗೆಯದು. ‘ಎರಡನೇ ವಾರಕ್ಕೆ ಒಬ್ಬರೂ ಉತ್ತರ ಕೊಡಲ್ಲ, ನೋಡ್ತಿರಿ’ ಎಂಬುದು ಒಂದು. ‘ಇಷ್ಟೆಲ್ಲ ಯಾಕೆ, ಕೊನೆಯಲ್ಲಿ ಒಂದು ಪ್ರಶ್ನಾವಳಿ ತುಂಬಿಸಿಕೊಂಡರೆ ಆಯ್ತಲ್ಲ’ ಎಂಬುದು ಇನ್ನೊಂದು. 60 ಜನ, 14 ದಿನ, ದಿನಕ್ಕೆ 5 ಬೀಪ್ (ಪ್ರಶ್ನೆ ಹೊತ್ತು ಬರುವ ಮೆಸೇಜು), ಒಟ್ಟು 4,200. ಅದಕ್ಕೆ ಬಂದ ಉತ್ತರಗಳಲ್ಲಿ ಸೋಸಿ ಉಳಿದದ್ದು ಮೂರು ಸಾವಿರದ ಇನ್ನೂರರ ಆಸುಪಾಸು, ನೂರಕ್ಕೆ ಎಪ್ಪತ್ತಾರು ಅನ್ನಿ. ಎರಡನೇ ವಾರ ಇಳಿಯಿತು, ನಿಜ. ಆದರೆ ಹೆದರಿಸಿದಷ್ಟೇನೂ ಅಲ್ಲ.

ಕೊನೆಯಲ್ಲಿ ಒಂದೇ ಸಲ ಕೇಳಿದರೆ ಸಾಕು ಎನ್ನುವವರಿಗೆ 2002ರ ಒಂದು ಪ್ರಯೋಗ ನೆನಪಿಸಿದರೆ ಸಾಕು. ಆರ್ಥರ್ ಸ್ಟೋನ್ ಮತ್ತು ಸಂಗಡಿಗರು ದೀರ್ಘಕಾಲದ ನೋವಿರುವವರಿಗೆ ಕಾಗದದ ಡೈರಿ ಕೊಟ್ಟು, ಅದರ ಫೈಲಿನೊಳಗೆ ಬೆಳಕು ಗ್ರಹಿಸುವ ಸಂವೇದಕ ಇಟ್ಟಿದ್ದರು. ಡೈರಿಯ ಪ್ರಕಾರ ಶೇ. 90ರಷ್ಟು ನಮೂದು ಹೊತ್ತಿಗೆ ಸರಿಯಾಗಿತ್ತು. ಸಂವೇದಕದ ಪ್ರಕಾರ ಶೇ. 11. ಮೂರರಲ್ಲಿ ಒಂದರಷ್ಟು ದಿನಗಳಲ್ಲಿ ಫೈಲು ತೆರೆದೇ ಇರಲಿಲ್ಲ, ಆದರೂ ಆ ದಿನಗಳ ಪುಟ ತುಂಬಿತ್ತು! ಯಾರೂ ಮೋಸಗಾರರಲ್ಲ. ಹಿಂದಿನ ಮೂರು ದಿನದ್ದನ್ನು ಒಟ್ಟಿಗೆ ಕೂತು ತುಂಬುವುದು ಮನುಷ್ಯ ಸಹಜ. ಅದಕ್ಕೇ ಉತ್ತರಕ್ಕೆ ಗಡಿಯಾರದ ಮುದ್ರೆ ಬೀಳಬೇಕು. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಚಿಕ್‌ಸೆಂಟ್‌ಮಿಹಾಯ್ ಅವರು ಪೇಜರ್ ಬಡಿದಾಗಲೆಲ್ಲ ಜನರಿಂದ ಆ ಕ್ಷಣದ ಅನುಭವ ಬರೆಸಿದ್ದನ್ನು ಈಗ ಅತಿ ಸಾದಾ ಫೋನಿನಲ್ಲೂ ಮಾಡಬಹುದು.

ಮೊದಲ ಪೈಲಟ್ (ಪ್ರಾಯೋಗಿಕ ಸುತ್ತು) ಆ್ಯಪಿನಲ್ಲೇ ನಡೆದದ್ದು. ಅದು ಕೆಟ್ಟದ್ದು ಜನರ ಸೋಮಾರಿತನದಿಂದಲ್ಲ. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನುಗಳು ಹಿನ್ನೆಲೆಯಲ್ಲಿ ಓಡುವ ಆ್ಯಪನ್ನು ತಾವೇ ಮಲಗಿಸಿಬಿಡುತ್ತವೆ. ನೋಟಿಫಿಕೇಶನ್ ಬರುವುದೇ ಇಲ್ಲ, ಅಥವಾ ಫೋನ್ ಕೈಗೆತ್ತಿಕೊಂಡಾಗ ಮೂರು ಒಟ್ಟಿಗೆ ಬಂದು ಬೀಳುತ್ತವೆ. ‘ಆ ಸೆಟ್ಟಿಂಗ್ ಆಫ್ ಮಾಡಿ’ ಎಂದು ಹೇಳಿಕೊಟ್ಟರೂ ಮುಂದಿನ ಅಪ್‌ಡೇಟಿಗೆ ಮತ್ತೆ ಆನ್. ಹನ್ನೆರಡು ಜನರ ಪೈಲಟ್‌ನಲ್ಲಿ ಅರ್ಧದಷ್ಟು ಫೋನುಗಳ ಕಥೆ ಇದೇ. ಆ್ಯಪ್ ಮಾಡಿಸಲು ಸುರಿದ ಹಣ ಅಲ್ಲಿಗೇ ಹೋಯಿತು. ಅದು ಒಟ್ಟು ಬಜೆಟ್ಟಿನ ನಾಲ್ಕನೇ ಒಂದು ಪಾಲು ಇದ್ದಿರಬೇಕು.

ಎಸ್ಸೆಮ್ಮೆಸ್ಸಿಗೆ ಬಂದ ಮೇಲೆ ಮೊದಲ ಪೆಟ್ಟು ಬಿದ್ದದ್ದು ಲಿಪಿಯಿಂದ. ಇಂಗ್ಲಿಷ್ ಅಕ್ಷರದ ಒಂದು ಮೆಸೇಜಿಗೆ 160 ಜಾಗ. ಕನ್ನಡ ಯೂನಿಕೋಡಿಗೆ ಬರೀ 70, ತುಂಡಾಗಿ ಹೋದರೆ ತುಂಡಿಗೆ 67. ಅದರ ಮೇಲೆ ಒತ್ತು, ಗುಣಿತ, ಹಲಂತ (್) ಎಲ್ಲ ಬೇರೆ ಬೇರೆ ಎಣಿಕೆ. ‘ಸುಸ್ತು’ ಕಣ್ಣಿಗೆ ಎರಡಕ್ಷರ, ಮೆಸೇಜುಗಳನ್ನು ಒಟ್ಟಿಗೆ ಕಳಿಸಿ ಉತ್ತರ ಪಡೆಯುವ ಸೇವೆಯಾದ ಗೇಟ್‌ವೇಗೆ ಆರು. ನಮ್ಮ ಮೊದಲ ಪ್ರಶ್ನೆಪಠ್ಯ ನೂರಾ ಎಂಬತ್ತರ ಹತ್ತಿರ ಇತ್ತು, ಅಂದರೆ ಬೀಪಿಗೆ ಮೂರು ಮೆಸೇಜಿನ ಬಿಲ್ಲು. 4,200 ಎಂದು ಲೆಕ್ಕ ಹಾಕಿದ್ದು 12,600 ಆಗುತ್ತಿತ್ತು. ಕತ್ತರಿಸಿ ಕತ್ತರಿಸಿ ‘ಈಗ ಎಷ್ಟು ಸುಸ್ತು? 1-7’ ಎಂಬಲ್ಲಿಗೆ ತಂದೆವು, ಅದಕ್ಕೆ 20 ಜಾಗ. ಇಂಥ ಮೂರು ಪ್ರಶ್ನೆ ಒಂದು ಮೆಸೇಜಿನಲ್ಲಿ ಕೂರುತ್ತವೆ. ಸೌಜನ್ಯದ ಮಾತು, ನಮಸ್ಕಾರ, ‘ದಯವಿಟ್ಟು’ ಎಲ್ಲವನ್ನೂ ಮೊದಲ ದಿನದ ಮುಖಾಮುಖಿಯಲ್ಲೇ ಹೇಳಿ ಮುಗಿಸಿ. ಬೀಪಿನಲ್ಲಿ ಅದಕ್ಕೆ ಜಾಗ ಇಲ್ಲ.

ಸ್ಕೇಲು 1-7 ಯಾಕೆ ಎಂದರೆ, ಮೊದಲು 0-10 ಇಟ್ಟು ಕೈಸುಟ್ಟುಕೊಂಡಾಗಿತ್ತು. ಮೂರು ಪ್ರಶ್ನೆಗೆ ಜನ ಸ್ಪೇಸ್ ಬಿಡದೆ ಒಟ್ಟಿಗೆ ಒತ್ತುತ್ತಾರೆ. ‘110’ ಬಂದರೆ ಅದು 1, 1, 0 ಅಂತಲೋ, ಒಂದು ಉತ್ತರ ಬಿಟ್ಟು 1, 10 ಅಂತಲೋ ಯಾರಿಗೆ ಗೊತ್ತು? ಒಂದೇ ಅಂಕಿಯ ಸ್ಕೇಲಾದರೆ ‘735’ ಎಂದಷ್ಟೇ ಬಂದರೂ ಗೊಂದಲವಿಲ್ಲ. ಇನ್ನು ಕೆಲವರು ೭೩೫ ಎಂದು ಕನ್ನಡ ಅಂಕಿಯಲ್ಲಿ ಕಳಿಸುತ್ತಾರೆ, ಕೆಲವರು ‘ಏಳು ಮೂರು ಐದು’ ಎಂದು ಬರೆಯುತ್ತಾರೆ. ಅಡ್ಡಗೆರೆ ಹಾಕಿ ‘3-5-2’ ಎಂದು ಕಳಿಸುವ ಅಚ್ಚುಕಟ್ಟಿನ ಜನರಿಂದಲೇ ಹೆಚ್ಚು ತೊಂದರೆ. ಫೈಲನ್ನು ನೇರ ಎಕ್ಸೆಲ್‌ನಲ್ಲಿ ತೆರೆದರೆ ಅದು ತಾರೀಖಾಗಿ ಕೂರುತ್ತದೆ, ಸೇವ್ ಮಾಡಿದ ಮೇಲೆ ಮೂಲ ಹೋಯಿತು. ಉತ್ತರದ ಕಾಲಮ್ಮನ್ನು ಟೆಕ್ಸ್ಟ್ ಎಂದು ಮೊದಲೇ ಗೊತ್ತುಮಾಡಿ, ಗೇಟ್‌ವೇಯಿಂದ ಇಳಿಸಿದ ಕಚ್ಚಾ ಫೈಲನ್ನು ಮುಟ್ಟದೆ ಬೇರೆ ಇಡಿ. ಇದು ಹೇಳಬೇಕಾದ ಮಾತೇ ಅಲ್ಲ, ಆದರೂ ಒಂದು ದಿನದ ಉತ್ತರ ಹೀಗೇ ಹೋದ ಮೇಲೆ ಹೇಳಬೇಕಾಗಿದೆ.

ಪ್ರಶ್ನೆಯ ಪದಗಳ ವಿಚಾರಕ್ಕೆ ಬಂದರೆ, ಬ್ಯಾಕ್ ಟ್ರಾನ್ಸ್‌ಲೇಷನ್ (ಅನುವಾದವನ್ನು ಮತ್ತೆ ಮೂಲ ಭಾಷೆಗೆ ತಿರುಗಿಸಿ ಹೋಲಿಸುವುದು) ಮಾಡಿಸಿದ್ದೇವೆ ಎಂದು ನಿಶ್ಚಿಂತರಾಗಬೇಡಿ. ‘ಒತ್ತಡ’ ಅನುವಾದದಲ್ಲಿ ಸರಿಯಾಗಿ ಹೋಗಿ ಸರಿಯಾಗಿ ವಾಪಸ್ ಬಂತು. ಆದರೆ ಆರೇಳು ಜನರನ್ನು ಕೂರಿಸಿಕೊಂಡು ‘ಇದನ್ನು ಓದಿದಾಗ ಏನು ನೆನಪಾಯ್ತು?’ ಎಂದು ಕೇಳಿದರೆ ವಯಸ್ಸಾದವರಲ್ಲಿ ಇಬ್ಬರು ಬಿ.ಪಿ. ಬಗ್ಗೆ ಮಾತಾಡಿದರು. ‘ಬೇಸರ’ ಇನ್ನೂ ಕಷ್ಟ. ಒಬ್ಬರಿಗೆ ಅದು ಹೊತ್ತು ಹೋಗದಿರುವುದು, ಇನ್ನೊಬ್ಬರಿಗೆ ದುಃಖ, ಮತ್ತೊಬ್ಬರಿಗೆ ಯಾರದೋ ಮೇಲಿನ ಮುನಿಸು. ‘ಮನಸ್ಸು ಹೇಗಿದೆ?’ ಎಂದರೆ ಎಲ್ಲರದೂ ‘ಪರವಾಗಿಲ್ಲ’, ಅಂದರೆ ಸದಾ 4. ಕೊನೆಗೆ ಉಳಿದದ್ದು ಸುಸ್ತು, ತಲೆಬಿಸಿ, ಲವಲವಿಕೆ. ಸುಸ್ತು ಮತ್ತು ಲವಲವಿಕೆ ಎದುರುಬದುರು ಇರುವುದು ಬೇಕೆಂದೇ. ಯಾವಾಗಲೂ ‘777’ ಅಥವಾ ‘111’ ಒತ್ತುವವರು ಅಲ್ಲೇ ಸಿಕ್ಕಿಬೀಳುತ್ತಾರೆ. ಇದರ ಜೊತೆ ಇನ್ನೊಂದು ತಪಾಸಣೆಯೂ ಇದೆ. ಅದನ್ನು ಬರೆದುಬಿಟ್ಟರೆ ಮುಂದಿನ ಸಲ ಕೆಲಸ ಮಾಡುವುದಿಲ್ಲ, ಹಾಗಾಗಿ ಬಿಡುತ್ತೇನೆ.

ವೇಳಾಪಟ್ಟಿ: ಎಚ್ಚರವಿರುವ 14 ಗಂಟೆಯನ್ನು ಐದು ಭಾಗ ಮಾಡಿದರೆ ಒಂದೊಂದು 168 ನಿಮಿಷ. ಪ್ರತಿ ಭಾಗದೊಳಗೆ ಯಾವ ನಿಮಿಷ ಎಂಬುದು ಚೀಟಿ ಎತ್ತಿದಂತೆ, ಎರಡು ಬೀಪಿನ ನಡುವೆ ಕನಿಷ್ಠ 60 ನಿಮಿಷ. ಆ 14 ಗಂಟೆ ಎಲ್ಲಿಂದ ಶುರು ಎಂಬುದನ್ನು ಪ್ರತಿಯೊಬ್ಬರನ್ನೂ ಕೇಳಿ ಹಾಕಬೇಕು. ಎಲ್ಲರಿಗೂ ಬೆಳಿಗ್ಗೆ 8 ಎಂದು ಹಾಕಿದ್ದರಿಂದ ರಾತ್ರಿ ಪಾಳಿಯವರ ಮೊದಲ ಎರಡು ಬೀಪು ನಿದ್ದೆಗೆ ಬಿದ್ದವು. ನಿದ್ದೆ ಅಳೆಯಲು ಹೋಗಿ ನಿದ್ದೆ ಕೆಡಿಸಿದ ಹಾಗಾಯಿತು. ಉತ್ತರಕ್ಕೆ 20 ನಿಮಿಷ ಅವಕಾಶ, ತಡವಾಗಿ ಬಂದದ್ದು ವಿಶ್ಲೇಷಣೆಗಿಲ್ಲ. ಗೇಟ್‌ವೇಯಲ್ಲಿ ಮೆಸೇಜಿನ ಆಯಸ್ಸನ್ನೂ 20 ನಿಮಿಷಕ್ಕೆ ಇಡಿ. ಫೋನ್ ಆಫ್ ಇದ್ದರೆ ಅದು ಮೂರು ಗಂಟೆ ಕಳೆದು ತಲುಪುವ ಬದಲು ಸತ್ತುಹೋಗುತ್ತದೆ, ತಲುಪದ್ದು ಯಾವುದು ಎಂಬುದೂ ಡೆಲಿವರಿ ವರದಿಯಲ್ಲಿ ಬೇರೆಯಾಗಿ ಕಾಣುತ್ತದೆ. ಗಾಡಿ ಓಡಿಸುವಾಗ ಉತ್ತರಿಸಬಾರದು ಎಂದು ಒಪ್ಪಿಗೆ ಪತ್ರದಲ್ಲೂ ಬಾಯಲ್ಲೂ ಎರಡೆರಡು ಸಲ ಹೇಳಿ.

ಬಾರದ ಉತ್ತರ ಸುಮ್ಮನೆ ಬಾರದ್ದಲ್ಲ. ಕೆಲಸ ಮೈಮೇಲೆ ಬಿದ್ದಾಗಲೇ ಜನ ಬಿಡುವುದು, ಅಂದರೆ ತಲೆಬಿಸಿಯ ಅತಿ ಹೆಚ್ಚಿನ ಅಂಕಿಗಳೇ ಕೈತಪ್ಪುತ್ತವೆ. ಅದಕ್ಕಾಗಿ ಒಂದು ಬೀಪು ತಪ್ಪಿದರೆ ಮುಂದಿನದರಲ್ಲಿ ಒಂದು ಅಂಕಿ ಹೆಚ್ಚು ಕೇಳಿದೆವು: ಆಗ ನಿದ್ದೆ 1, ಕೆಲಸ 2, ದಾರಿ 3, ಕೇಳಿಸಲಿಲ್ಲ 4. ಇದಕ್ಕೆ ಎರಡನೇ ತುಂಡಿನ ಖರ್ಚು ಬೀಳುತ್ತದೆ, ಬೀಳಲಿ.

ಹಣದ ವಿಷಯ. ಒಟ್ಟು ಖರ್ಚಿನ ಹತ್ತರಲ್ಲಿ ಆರು ಪಾಲು ಭಾಗವಹಿಸಿದವರ ಗೌರವಧನಕ್ಕೇ ಹೋಯಿತು. ಹೇಗೆ ಕೊಡುವುದು ಎಂಬುದರಲ್ಲಿ ಮೂರು ಬಾರಿ ತಪ್ಪಿದೆವು. ಉತ್ತರಕ್ಕೆ ಇಷ್ಟು ಎಂದಾಗ ‘444’ಗಳ ಸುರಿಮಳೆ. 14 ದಿನಕ್ಕೆ ಒಟ್ಟಾರೆ ಶೇ. 80 ಮುಟ್ಟಿದರೆ ಬೋನಸ್ ಎಂದಾಗ, ಮೊದಲ ವಾರದಲ್ಲಿ ಹಿಂದೆ ಬಿದ್ದವರು ಲೆಕ್ಕ ಹಾಕಿ ‘ಇನ್ನು ಸಿಗಲ್ಲ’ ಎಂದು ಪೂರ್ತಿ ನಿಂತರು. ಎಲ್ಲ ಕೊನೆಗೆ ಎಂದಾಗ, ತಮ್ಮ ಕೈಯಿಂದ ಹೋಗುವ ಉತ್ತರದ ಮೆಸೇಜಿನ ಖರ್ಚು ನೋಡಿ ಬೇಸತ್ತರು. ಈಗ ಹೀಗೆ: ಉತ್ತರದ ಮೆಸೇಜಿನ ಖರ್ಚು ಮೊದಲ ದಿನವೇ ಮುಂಗಡ. ಗೌರವಧನ ವಾರವಾರ, ಬಂದವರಿಗೆಲ್ಲ ಒಂದೇ ಮೊತ್ತ. ಬೋನಸ್ ಚಿಕ್ಕದು, ಅದರ ಎಣಿಕೆ ಎಂಟನೇ ದಿನ ಮತ್ತೆ ಸೊನ್ನೆಯಿಂದ. ಮೊದಲ ವಾರ ಹಿಂದೆ ಬಿದ್ದವರಲ್ಲಿ ಹಲವರು ಎರಡನೇ ವಾರ ಚೆನ್ನಾಗಿ ಮಾಡಿದ್ದು ಈ ಒಂದು ಬದಲಾವಣೆಯಿಂದ. ಮೂರನೇ ದಿನ ಸಂಜೆ ಒಬ್ಬೊಬ್ಬರಿಗೂ ಎರಡು ನಿಮಿಷದ ಫೋನ್ ಕೂಡ ಇದೆ. ಅದರಲ್ಲಿ ಏನು ಕೇಳುತ್ತೇವೆ ಎಂಬುದು ನಮ್ಮಲ್ಲೇ ಇರಲಿ. ‘ಯಾಕೆ ಉತ್ತರ ಕೊಡಲಿಲ್ಲ’ ಎಂದಂತೂ ಅಲ್ಲ.

ಹಿಂದಿನ ರಾತ್ರಿಯ ನಿದ್ದೆಯನ್ನು ಬೆಳಿಗ್ಗೆ ಬರೆಯುವ ಡೈರಿಯಲ್ಲಿ ಎರಡು ಹೊಂಡಗಳಿವೆ. ‘12ಕ್ಕೆ ಮಲಗಿದೆ’ ಎಂದು ಬಂದರೆ ಕಂಪ್ಯೂಟರಿಗೆ ಅದು ಮಧ್ಯಾಹ್ನ, ಹಾಗಾಗಿ ಒಬ್ಬರ ನಿದ್ದೆ ಹತ್ತೊಂಬತ್ತು ಗಂಟೆ ತೋರಿಸಿತು. ರಾತ್ರಿ 12:30ಕ್ಕೆ ಶುರುವಾದ ನಿದ್ದೆ ಯಾವ ತಾರೀಖಿನದು ಎಂಬುದನ್ನೂ ಮೊದಲೇ ಗೊತ್ತುಮಾಡಿ. ಎದ್ದ ದಿನದ ಲೆಕ್ಕಕ್ಕೆ ಬರೆಯುವುದು ಸಲೀಸು. ಎರಡನೆಯದು, ಎಚ್ಚರವಾದ ಹೊತ್ತು ಮತ್ತು ಹಾಸಿಗೆ ಬಿಟ್ಟ ಹೊತ್ತು ಬೇರೆ ಬೇರೆ. 11ಕ್ಕೆ ಮಲಗಿ 7ಕ್ಕೆ ಎದ್ದರೆ ಹಾಸಿಗೆಯಲ್ಲಿ 480 ನಿಮಿಷ. ನಿದ್ದೆ ಹತ್ತಲು 40, ನಡುವೆ ಎಚ್ಚರ 30, ಬೆಳಿಗ್ಗೆ 6:20ಕ್ಕೆ ಎಚ್ಚರವಾಗಿ ಹೊರಳಾಡಿದ್ದು 40, ಉಳಿದದ್ದು 370. ದಕ್ಷತೆ, ಅಂದರೆ ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನಿದ್ದೆಯ ಪಾಲು, ಶೇ. 77. ಆ ಕೊನೆಯ 40 ಕೇಳದಿದ್ದರೆ ಅದೇ ಮನುಷ್ಯನದು ಶೇ. 85 ಆಗಿ, ಎಲ್ಲ ಸರಿಯಿದೆ ಎನಿಸುತ್ತದೆ.

ವಿಶ್ಲೇಷಣೆಯನ್ನು ಹೆಚ್ಚು ಎಳೆಯುವುದಿಲ್ಲ. ಪ್ರತಿಯೊಬ್ಬರ ಸರಾಸರಿಯನ್ನು ಅವರವರ ಅಂಕಿಯಿಂದ ಕಳೆದು ಬೇರೆ ಇಡದೆ ಮಲ್ಟಿಲೆವೆಲ್ ಮಾಡೆಲ್ (ಒಬ್ಬೊಬ್ಬರ ಒಳಗಿನ ಏರಿಳಿತವನ್ನೂ ಜನರ ನಡುವಿನ ವ್ಯತ್ಯಾಸವನ್ನೂ ಒಟ್ಟಿಗೆ ನೋಡುವ ಲೆಕ್ಕ) ಓಡಿಸಿದರೆ, ಸದಾ ಕಡಿಮೆ ಮಲಗುವವರ ಗುಣವೂ ನಿನ್ನೆ ಕಡಿಮೆ ಮಲಗಿದ್ದರ ಪರಿಣಾಮವೂ ಕಲಸಿಹೋಗುತ್ತವೆ. ಹಿಂದಿನ ಬೀಪಿನಿಂದ ಮುಂದಿನ ಬೀಪನ್ನು ಊಹಿಸುವಾಗ ರಾತ್ರಿಯ ಗೆರೆ ದಾಟಬಾರದು. ನಿನ್ನೆ ಐದನೆಯದಕ್ಕೂ ಇಂದಿನ ಮೊದಲನೆಯದಕ್ಕೂ ನಡುವೆ ಇಡೀ ನಿದ್ದೆ ಇದೆ. ಆ ಸಾಲುಗಳನ್ನು ಖಾಲಿ ಬಿಡಿ.

ದಾರಿಯಲ್ಲಿ ಮಾಡಿದ ಒಂದೆರಡು ಉಪಪ್ರಯೋಗ. ಸ್ಮಾರ್ಟ್‌ಫೋನ್ ಇದ್ದ ಇಪ್ಪತ್ತು ಜನರಿಗೆ ಮೂರು ನಿಮಿಷದ ಜಾಗೃತಿ ಪರೀಕ್ಷೆ (ಪರದೆಯಲ್ಲಿ ಸೂಚನೆ ಕಂಡ ತಕ್ಷಣ ಒತ್ತುವುದು) ಕೊಟ್ಟೆವು. 1985ರಲ್ಲಿ ಡಿಂಜಸ್ ಮತ್ತು ಪೊವೆಲ್ ರೂಪಿಸಿದ ಹತ್ತು ನಿಮಿಷದ್ದರ ಚಿಕ್ಕ ರೂಪ ಅದು. ಹತ್ತು ನಿಮಿಷದ್ದರಲ್ಲಿ 500 ಮಿಲಿಸೆಕೆಂಡ್ ದಾಟಿದರೆ ತಪ್ಪಿದ ಲೆಕ್ಕ, ಚಿಕ್ಕದರಲ್ಲಿ 355. ಟಚ್‌ಸ್ಕ್ರೀನ್ ತಾನೇ ಹತ್ತಾರು ಮಿಲಿಸೆಕೆಂಡ್ ನುಂಗುತ್ತದೆ, ಅದೂ ಫೋನಿಗೊಂದು ರೀತಿ. ಹಾಗಾಗಿ 355 ಎಂಬ ಗೆರೆಗೆ ಅರ್ಥವೇ ಇಲ್ಲ. ಒಬ್ಬರನ್ನು ಅವರದೇ ಫೋನಿನಲ್ಲಿ ಅವರ ಜೊತೆಗೇ ಹೋಲಿಸಿದರೆ ಮಾತ್ರ ಬಳಕೆಗೆ ಬರುತ್ತದೆ. ನಡುವೆ ಫೋನ್ ಬದಲಿಸಿದವರನ್ನು ಕೈಬಿಡಿ.

ಇನ್ನೊಂದು ಕಲಿಕೆಯದು. ಇದೇ ಮೆಸೇಜು ದಾರಿಯಲ್ಲಿ 20 ಹೊಸ ಪದಜೋಡಿ: ಹತ್ತನ್ನು ಪೂರ್ತಿ ಮತ್ತೆ ಕಳಿಸುವುದು, ಹತ್ತಕ್ಕೆ ಬರೀ ಮೊದಲ ಪದ ಕಳಿಸಿ ಎರಡನೆಯದನ್ನು ಕೇಳುವುದು. ಮೊದಲ ಸಲ ಅದೇ ಸಂಜೆ ಪರೀಕ್ಷಿಸಿ, ಮತ್ತೆ ಓದಿಸಿದ್ದೇ ಮೇಲು ಎಂದು ಕಂಡು ಇದನ್ನು ಎಸೆಯಲು ಹೊರಟಿದ್ದೆವು. ಅದು ಆಗಬೇಕಾದ್ದೇ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಪಠ್ಯ ಕೊಟ್ಟು ನೋಡಿದಾಗ ಐದು ನಿಮಿಷದ ನಂತರ ಓದಿದವರಿಗೆ ಶೇ. 81, ನೆನಪಿಸಿಕೊಂಡು ಬರೆದವರಿಗೆ 75. ವಾರದ ನಂತರ ಓದಿದವರು 42ಕ್ಕೆ ಇಳಿದರು, ಬರೆದವರು 56ರಲ್ಲಿ ನಿಂತರು. ಏಳನೇ ದಿನಕ್ಕೆ ಪರೀಕ್ಷೆ ಮುಂದೂಡಿದಾಗ ನಮ್ಮದೂ ತಿರುಗಿತು. ಸರಿಯುತ್ತರ ವಾಪಸ್ ಕಳಿಸದಿದ್ದರೆ ತಪ್ಪು ಬರೆದವರು ತಪ್ಪನ್ನೇ ಗಟ್ಟಿ ಮಾಡಿಕೊಳ್ಳುತ್ತಾರೆ. ಕಳಿಸಿದರೆ ಪದಕ್ಕೆ ಒಂದು ಮೆಸೇಜು ಹೆಚ್ಚು. ಹಣ ಮುಗಿದದ್ದರಿಂದ ಇದು ಅಲ್ಲಿಗೇ ನಿಂತಿದೆ.

ಕೇಳದೆ ಬಿಟ್ಟದ್ದೂ ಒಂದಿದೆ: ಬದುಕು ಬೇಡವೆನಿಸಿತೇ ಎಂಬ ಬಗೆಯ ಪ್ರಶ್ನೆ. ರಾತ್ರಿ ಹತ್ತಕ್ಕೆ ಅದಕ್ಕೆ ‘7’ ಎಂದು ಬಂದರೆ ಆ ಕ್ಷಣ ನೋಡಿ ಫೋನ್ ಮಾಡುವವರು ಬೇಕು. ಅಂಥವರನ್ನು ಇಡೀ ಹದಿನಾಲ್ಕು ದಿನ ಕೂರಿಸುವ ಶಕ್ತಿ ಇರಲಿಲ್ಲ. ಎಥಿಕ್ಸ್ ಕಮಿಟಿ ಕೇಳುವ ಮೊದಲೇ ತೆಗೆದೆವು.

ಹದಿನೈದನೇ ಬೆಳಿಗ್ಗೆ ‘ಮುಗಿಯಿತು, ಇನ್ನು ಉತ್ತರ ಬೇಡ’ ಎಂಬ ಮೆಸೇಜು ಕಳಿಸಲು ಮರೆಯಬೇಡಿ. ಮೊದಲ ತಂಡಕ್ಕೆ ಕಳಿಸಿರಲಿಲ್ಲ. ಇಬ್ಬರು ಬೀಪು ನಿಂತ ಮೇಲೂ ನಾಲ್ಕೈದು ದಿನ ಹೊತ್ತುಹೊತ್ತಿಗೆ ಮೂರು ಅಂಕಿ ಕಳಿಸುತ್ತಲೇ ಇದ್ದರು. ಅವನ್ನು ಡೇಟಾಕ್ಕೆ ಸೇರಿಸಲಿಲ್ಲ, ಆದರೆ ಅವರ ಮೆಸೇಜಿನ ಖರ್ಚು ತುಂಬಿಕೊಟ್ಟೆವು.