ಮಳೆಗಾಲದ ಮುಗ್ಗಟ್ಟಿನಲ್ಲಿ ಪ್ರಾರ್ಥನೆ: ಮೊದಲು ದೂರು, ಆಮೇಲೆ ಸ್ತುತಿ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಕೋಲದಿಂದ ಭಟ್ಕಳದವರೆಗೆ ಮೀನನ್ನೇ ನಂಬಿದ ಮನೆಗಳಲ್ಲಿ ದುಡಿಮೆ ನಿಂತರೂ ಸಂಘದ ಸಾಲದ ಕಂತು ನಿಲ್ಲುವುದಿಲ್ಲ. ಘಟ್ಟದ ಮೇಲೆ ಶಿರಸಿ ಕಡೆ ಅದೇ ಮಳೆಗೆ ಅಡಿಕೆಗೆ ಕೊಳೆರೋಗ. ‘ಎಲ್ಲದಕ್ಕೂ ಸ್ತೋತ್ರ ಹೇಳಿ, ಸಂತೋಷವಾಗಿರಿ’ ಎನ್ನುವವರು ಇಂಥ ಹೊತ್ತಿನಲ್ಲೇ ಹೆಚ್ಚು ಸಿಗುತ್ತಾರೆ. ಬೈಬಲಿಗೆ ಅಷ್ಟು ಅವಸರವಿಲ್ಲ. ಎಲ್ಲ ಕಳೆದುಕೊಂಡು ಗೊಣಗಾಡಿದ ಯೋಬನೇ ಸರಿಯಾಗಿ ಮಾತಾಡಿದ, ಉಪದೇಶ ಮಾಡಿದ ಗೆಳೆಯರಲ್ಲ ಎಂದು ಕೊನೆಗೆ ದೇವರೇ ಹೇಳುತ್ತಾನೆ (ಯೋಬ 42:7).

ಹೀಗೆ ದೂರಿನಿಂದ ಶುರುವಾಗುವ ಪ್ರಾರ್ಥನೆಗೆ ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ನು, ದಿನಕ್ಕೆ 20 ನಿಮಿಷ. ಬೆಳಿಗ್ಗೆ ಮನೆಯವರು ಏಳುವ ಮುಂಚೆ ಆಗಬಹುದು, ಸಂಜೆ ಜಪಸರ ಮುಗಿದ ಮೇಲೂ ಆಗಬಹುದು. ಹೊತ್ತು ಮಾತ್ರ ದಿನಾ ಒಂದೇ ಇರಲಿ. ಫೋನು ಬೇರೆ ಕೋಣೆಯಲ್ಲಿರಲಿ.

ಮೊದಲ ವಾರ ಬೈಬಲಿನ 13ನೇ ಕೀರ್ತನೆಯೊಂದನ್ನೇ ಹಿಡಿಯಿರಿ. ಗಟ್ಟಿಯಾಗಿ ಎರಡು ಸಲ ಓದಿ. ಮೊದಲೆರಡು ವಚನಗಳಲ್ಲಿ ‘ಎಲ್ಲಿಯ ತನಕ?’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮುಂದಿನ ಎರಡರಲ್ಲಿ ಬೇಡಿಕೆ. ಭರವಸೆಯ ಮಾತು ಕೊನೆಗೆ. ಇದೇ ಕ್ರಮದಲ್ಲಿ ನಿಮ್ಮ ಮಾತನ್ನು ಬರೆಯಿರಿ. ‘ತುಂಬಾ ಕಷ್ಟ, ಸ್ವಾಮಿ’ ಎಂದಷ್ಟೇ ಬರೆದರೆ ಸಾಲದು. ಹೀಗೆ ಬರೆಯಬಹುದು: ‘ಎರಡು ಕಂತು ಬಾಕಿ. ಅಂಗಡಿಯಲ್ಲಿ ಇನ್ನು ಉದ್ರಿ ಇಲ್ಲ ಅಂದರು. ಅಪ್ಪನ ಶುಗರ್ ಮಾತ್ರೆ ಶನಿವಾರಕ್ಕೆ ಮುಗಿಯುತ್ತದೆ. ನೀನು ನೋಡುತ್ತಿದ್ದೀಯೋ ಇಲ್ಲವೋ?’ ಮನೆಯಲ್ಲಿ ಕೊಂಕಣಿ ಆಡುವವರು ಕೊಂಕಣಿಯಲ್ಲೇ ಬರೆಯಲಿ. ಸಿಟ್ಟು ಬರುವುದು ಮನೆಮಾತಿನಲ್ಲಿ, ದೂರೂ ಅದರಲ್ಲೇ ಇರಲಿ.

ಹೆಚ್ಚಿನವರು ಎಡವುವುದು ಇಲ್ಲೇ. ದೂರು ಬರೆದ ಕೂಡಲೇ ತಪ್ಪು ಮಾಡಿದೆನೇನೋ ಎಂದು ಹೆದರಿ ಭರವಸೆಯ ಸಾಲಿಗೆ ಹಾರುತ್ತಾರೆ. ಆ ಸಾಲು ಬಾಯಿಪಾಠವಾಗಿ ಬರುತ್ತದೆ, ಸಿಟ್ಟು ಒಳಗೇ ಉಳಿಯುತ್ತದೆ, ರಾತ್ರಿ ಅದು ಮಕ್ಕಳ ಮೇಲೆ ಹೊರಬೀಳುತ್ತದೆ. ಭರವಸೆ ಬಾರದ ದಿನ 88ನೇ ಕೀರ್ತನೆ ಓದಿ ಪುಸ್ತಕ ಮುಚ್ಚಿ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಪ್ರಾರ್ಥನೆಯೇ.

ಎರಡನೇ ವಾರದಿಂದ ದೂರಿನ ಕೆಳಗೆ ಮೂರು ಸಾಲು ಕೃತಜ್ಞತೆ ಸೇರಿಸಿ. ಆ ದಿನದ್ದೇ ಆಗಬೇಕು. ‘ಆರೋಗ್ಯ, ಕುಟುಂಬ, ರಕ್ಷಣೆ’ ಎಂದು ಬರೆಯುತ್ತ ಹೋದರೆ ನಾಲ್ಕೇ ದಿನಕ್ಕೆ ಕೈ ಬರೆಯುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ‘ಪಕ್ಕದ ಮನೆಯ ಅಕ್ಕ ಹಲಸಿನ ಬೀಜ ಕೊಟ್ಟಳು’ ಎಂಬುದು ನಿಲ್ಲುವ ಸಾಲು.

ಆನಂದ ಇಷ್ಟಕ್ಕೇ ಉಕ್ಕುವುದಿಲ್ಲ. ಪೌಲ ಹೇಳುವ ಕ್ರಮವೂ ನಿಧಾನದ್ದು: ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಪರೀಕ್ಷೆಗೆ ನಿಂತ ಗುಣ, ಅದರಿಂದ ನಿರೀಕ್ಷೆ (ರೋಮಾಪುರದವರಿಗೆ 5:3-5). ಹಾಗಾಗಿ ನಗು ಬಂತೋ ಇಲ್ಲವೋ ಎಂದು ಅಳೆಯಬೇಡಿ. ಸಾಲ ಕೊಟ್ಟವರ ಕಣ್ಣು ತಪ್ಪಿಸದೆ ಮಾತಾಡಲು ಆಗುತ್ತಿದೆಯೇ, ನಾಚಿಕೆಯಿಲ್ಲದೆ ನೆರವು ಕೇಳಲು ಆಗುತ್ತಿದೆಯೇ ಎಂದು ನೋಡಿ. ಸೆರೆಯಿಂದ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಸಾಲುಸಾಲಿಗೆ ಆನಂದ. ಅದೇ ಪತ್ರದ 4ನೇ ಅಧ್ಯಾಯ ಕೈಸೇರಿದ ನೆರವಿಗೆ ಬರೆದ ರಸೀದಿಯಂತಿದೆ. ಆನಂದಕ್ಕೂ ಅಕ್ಕಿಗೂ ಅವನು ಗೋಡೆ ಕಟ್ಟಲಿಲ್ಲ.

ವಾರಕ್ಕೊಮ್ಮೆ ಇನ್ನೊಂದು ಮನೆಗೆ ಹೋಗಿ. ಸಾಧ್ಯವಾದಷ್ಟು ಅಕ್ಕಿಯೋ ಒಣಮೀನೋ ಕೈಯಲ್ಲಿರಲಿ. ಹಸಿದವನಿಗೆ ಬರೀ ‘ಸಮಾಧಾನದಿಂದ ಹೋಗು’ ಎಂದರೆ ಏನು ಪ್ರಯೋಜನ ಎಂದು ಯಾಕೋಬ ತನ್ನ ಪತ್ರದಲ್ಲಿ ಕೇಳುತ್ತಾನೆ (2:15-16). ಹೋದ ಮೇಲೆ ಸುಮ್ಮನೆ ಕೂತುಕೊಳ್ಳಿ. ಯೋಬನ ಗೆಳೆಯರು ಮಾಡಿದ ಒಳ್ಳೆಯ ಕೆಲಸವೆಂದರೆ ಏಳು ದಿನ ಬಾಯಿಮುಚ್ಚಿ ಕೂತದ್ದು. ‘ಯಾವ ಪಾಪಕ್ಕೋ ಏನೋ’ ಎಂಬ ಮಾತಂತೂ ಬೇಡವೇ ಬೇಡ. ಹುಟ್ಟುಕುರುಡನ ವಿಷಯದಲ್ಲಿ ಯೇಸು ಅದನ್ನು ನೇರವಾಗಿ ತಳ್ಳಿಹಾಕಿದ್ದಾನೆ (ಯೋವಾನ್ನ 9:3).

ಎಲ್ಲ ಕಷ್ಟವೂ ಹೊರಬೇಕಾದ ಶಿಲುಬೆಯಲ್ಲ. ಮನೆಯಲ್ಲಿ ಹೊಡೆತವಿದ್ದರೆ 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಕರೆ ಮಾಡಿ. ಸಹಿಸಿಕೋ ಎನ್ನುವವರು ಫಾದರ್ ಆಗಲಿ ಪಾಸ್ಟರ್ ಆಗಲಿ, ಆ ಮಾತು ಕೇಳಬೇಕಿಲ್ಲ. ವಾರಗಟ್ಟಲೆ ನಿದ್ದೆಯಿಲ್ಲ, ಸಾಯುವ ಯೋಚನೆ ಬರುತ್ತಿದೆ ಎಂದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕಂತು ತಪ್ಪುವುದು ಖಚಿತವಾದರೆ ಸಂಘದವರಿಗೆ ಮೊದಲೇ ಹೇಳಿಬಿಡಿ.

ಆಗಸ್ಟಿನಲ್ಲಿ ದೋಣಿ ಇಳಿದು ಕೈಯಲ್ಲಿ ಕಾಸು ಆಡತೊಡಗಿದರೆ ನೋಟ್‌ಬುಕ್ ಮೂಲೆ ಸೇರುತ್ತದೆ. ಹಾಗಾಗುವ ಮುನ್ನ ಒಂದು ಭಾನುವಾರ ಪೂಜೆಯೋ ಆರಾಧನೆಯೋ ಮುಗಿಸಿ ಬಂದು ಜೂನಿನಿಂದ ಓದಿ. ನೀಗಿದ್ದಕ್ಕೆ ಗುರುತು ಹಾಕಿ. ನೀಗದ್ದನ್ನು ಹೊಡೆದುಹಾಕಬೇಡಿ, ಹೊಸ ಪುಟಕ್ಕೆ ಇಳಿಸಿಕೊಂಡು ಮುಂದುವರಿಸಿ.